ಸಾಲಿಯೂ ಸಾಲವೂ

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ರೈತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಲಾಗಿದೆ.)



ನೀವೆಲ್ಲ ಇಲ್ಲಿಗೆ ಧಾರಣಿಯ ಮಾತು ಕೇಳಲಿಕ್ಕೆ ಬಂದಿದ್ದೀರಿ. ಉಳ್ಳಾಗಡ್ಡಿ ಏನಾಯಿತು, ಹೆಸರು ಖರೀದಿ ಕೇಂದ್ರ ಯಾವಾಗ ತೆರೀತಾರೆ, ಬೆಳೆ ವಿಮೆ ಯಾಕೆ ಬರಲಿಲ್ಲ ಅನ್ನುವುದು ನಿಮ್ಮ ಚಿಂತೆ. ನಾನು ಸಾಲಿಯ ಮಾತು ಎತ್ತಿದರೆ, ಇವನಿಗೆ ಯಾವ ಸಭೆಯಲ್ಲಿ ಯಾವ ಮಾತು ಅನ್ನುವುದೇ ಗೊತ್ತಿಲ್ಲ ಎಂದು ನಗಬೇಡಿರಿ. ನಮ್ಮ ಕಡೆ ಶಾಲೆಗೆ ಸಾಲಿ ಅಂತೀವಿ. ಸಾಲಿಗೂ ಸಾಲಕ್ಕೂ ನಡುವೆ ಒಂದೇ ಗುಣಿಸಿನ ಅಂತರ. ಈಗ ಆ ಅಂತರವೂ ಉಳಿದಿಲ್ಲ. ಅದನ್ನೇ ಲೆಕ್ಕ ಹಾಕಿ ತೋರಿಸಬೇಕು ಎಂದು ನಿಂತಿದ್ದೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಎಂಟು ಎಕರೆ ಎರಿ ಹೊಲದ ಒಕ್ಕಲುತನ ನನ್ನದು. ನಾನು ಓದಿದ್ದು ಊರ ಸರಕಾರಿ ಸಾಲಿಯಲ್ಲಿ. ಮಗನನ್ನು ಮಾತ್ರ ಹಳದಿ ವ್ಯಾನಿಗೆ ಹತ್ತಿಸಿದೆ. ಯಾಕೆ ಅಂತ ಕೇಳಿದವರಿಗೆ, "ಏನ್ ಮಾಡೋದ್ರಿ, ಊರ ಸಾಲ್ಯಾಗ ಮಾಸ್ತರ ಇಲ್ಲ, ಇಂಗ್ಲೀಷ ಇಲ್ಲ" ಅಂದೆ. ಅದು ಸುಳ್ಳಲ್ಲ. ಆದರೆ ಮಾಸ್ತರ ಯಾಕೆ ಇಲ್ಲ ಎಂದು ಕೇಳಲಿಕ್ಕೆ ನಾನು ಒಂದು ದಿನವೂ ಹೋಗಲಿಲ್ಲ. ವ್ಯಾನು ಮನೆ ಮುಂದೆ ಬಂದು ನಿಂತಾಗ ನನ್ನ ಪ್ರಶ್ನೆಯೂ ಅದರೊಳಗೇ ಹತ್ತಿ ಹೋಯಿತು.

ಈಗ ಲೆಕ್ಕಕ್ಕೆ ಬರೋಣ. ಕಳೆದ ವರ್ಷ ಒಬ್ಬ ಮಗನ ಫೀಜು 28,000, ವ್ಯಾನು 12,000. ಕೂಡಿದರೆ 40,000 ರೂಪಾಯಿ. ಅರಿವೆ, ಪುಸ್ತಕ, ಬೂಟು ಬೇರೆ. 2024-25ರಲ್ಲಿ ಹೆಸರಿಗೆ ಕೇಂದ್ರ ಸರಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 8,682. ಆ ಪೂರಾ ಬೆಲೆ ಸಿಕ್ಕಿತು ಎಂದೇ ಹಿಡಿಯಿರಿ. ಆದರೂ ಒಂದು ಮಗುವಿನ ಒಂದು ವರ್ಷಕ್ಕೆ ನಾಲ್ಕೂವರೆ ಕ್ವಿಂಟಲಿಗಿಂತ ಹೆಚ್ಚು ಹೆಸರು ಅಳೆದು ಕೊಡಬೇಕು. ಮಳೆ ನಂಬಿದ ನಮ್ಮ ಹೊಲದಲ್ಲಿ ಅದು ಎರಡು ಎಕರೆಯ ಬೆಳೆ. ಬೀಜ, ಗೊಬ್ಬರ, ಎಣ್ಣೆ, ಬಿಡಿಸುವ ಕೂಲಿ ಇವು ಯಾವುದನ್ನೂ ಕಳೆಯದೆ ಹೇಳಿದ ಲೆಕ್ಕ ಇದು. ಇಬ್ಬರು ಮಕ್ಕಳಿದ್ದರೆ ನಾಲ್ಕು ಎಕರೆ. ಎಂಟು ಎಕರೆಯವನ ಅರ್ಧ ಹೊಲವನ್ನು ಸಾಲಿ ಉಳುತ್ತದೆ.

ಇನ್ನು ಫೀಜು ಕೇಳುವ ತಿಂಗಳು ಯಾವುದು ನೋಡಿರಿ. ಜೂನ್. ಮುಂಗಾರಿ ಬೀಜ ಕೊಳ್ಳುವುದೂ ಅದೇ ಜೂನ್. ಮನೆಯಲ್ಲಿ ಕಾಳು ಇರುವುದಿಲ್ಲ, ಕೈಯಲ್ಲಿ ರೊಕ್ಕ ಇರುವುದಿಲ್ಲ. ಆಗ ನಾವು ಏನು ಮಾಡುತ್ತೇವೆ? ಸೊಸೈಟಿಯಿಂದಲೋ ಬ್ಯಾಂಕಿನಿಂದಲೋ ತಂದ ಬೆಳೆಸಾಲದಿಂದ ಫೀಜು ಕಟ್ಟುತ್ತೇವೆ. ಕಿಸಾನ್ ಕ್ರೆಡಿಟ್ ಕಾರ್ಡಿನ ನಿಯಮ ಓದಿದವರಿಗೆ ಗೊತ್ತು. ಬೆಳೆಗೆ ಗೊತ್ತುಮಾಡಿದ ಸಾಲದ ಮೇಲೆ ಸುಗ್ಗಿಯ ನಂತರದ ಖರ್ಚು ಮತ್ತು ಮನೆಖರ್ಚಿಗೆಂದು ಕೊಡುವುದು ಶೇಕಡಾ 10. ಒಂದು ಲಕ್ಷದ ಬೆಳೆಸಾಲಕ್ಕೆ ಹತ್ತು ಸಾವಿರ. ಊಟ, ಔಷಧ, ಹಬ್ಬ, ಬೀಗರು ಎಲ್ಲ ಅದರಲ್ಲೇ ಮುಗಿಯಬೇಕು. ನಲವತ್ತು ಸಾವಿರ ಫೀಜು ಕಟ್ಟಿದವನು ಉಳಿದ ಮೂವತ್ತು ಸಾವಿರವನ್ನು ಎಲ್ಲಿಂದ ತಂದ? ಗೊಬ್ಬರದಿಂದ ಕದ್ದ, ಬೀಜದಿಂದ ಕದ್ದ. ಅದೂ ಸಾಲದಿದ್ದರೆ ಹೆಂಡತಿಯ ಕೊರಳಿಂದ ತೆಗೆದು ಬಂಗಾರದ ಸಾಲ ಮಾಡಿದ. ಶೂನ್ಯ ಬಡ್ಡಿಯ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದ್ದೇವೆ ಎಂದು 2023ರ ರಾಜ್ಯ ಬಜೆಟ್ಟಿನಲ್ಲಿ ಹೇಳಿದರು. ಒಳ್ಳೆಯದು. ಆದರೆ ಗಡುವಿಗೆ ಕಟ್ಟಿದರೆ ಮಾತ್ರ ಶೂನ್ಯ. ಬೀಜಕ್ಕೆ ಹಾಕಿದ ಸಾಲ ಬೆಳೆಯಾಗಿ ತಿರುಗಿ ಬರುತ್ತದೆ. ಫೀಜಿಗೆ ಹಾಕಿದ ಸಾಲ ಆ ವರ್ಷದ ಸುಗ್ಗಿಯಲ್ಲಿ ತಿರುಗಿ ಬರುವುದಿಲ್ಲ. ಗಡುವು ತಪ್ಪುತ್ತದೆ, ಬಡ್ಡಿ ಬೀಳುತ್ತದೆ. ಸಾಲದ ಪುಸ್ತಕದಲ್ಲಿ ಬೆಳೆಸಾಲ ಬಾಕಿ ಎಂದೇ ಬರೆದಿರುತ್ತದೆ. ಅದರೊಳಗೆ ಎಷ್ಟು ಸಾಲಿ ಇದೆ, ಎಷ್ಟು ದವಾಖಾನೆ ಇದೆ ಎಂದು ಯಾರೂ ಬಿಡಿಸಿ ನೋಡುವುದಿಲ್ಲ.

ಈಗ ಬೆಲೆ ಆಯೋಗದ ಲೆಕ್ಕಕ್ಕೆ ಬನ್ನಿರಿ. ನಾವು ವೈಜ್ಞಾನಿಕ ಬೆಲೆ ಬೇಕು ಎಂದು ಕೇಳುತ್ತ ಬಂದವರು. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಬೀಜ, ಗೊಬ್ಬರ, ಔಷಧ, ಕೂಲಿ, ಎತ್ತು, ಯಂತ್ರ ಎಲ್ಲ ಲೆಕ್ಕ ಹಾಕುತ್ತದೆ. ಮನೆಯವರ ದುಡಿಮೆಗೂ ಒಂದು ಕೂಲಿ ಕಟ್ಟುತ್ತದೆ. ಪೂರಾ ವೆಚ್ಚ ತೆಗೆಯುವಾಗ ಭೂಮಿಯ ಗೇಣಿ, ಬಂಡವಾಳದ ಬಡ್ಡಿಯನ್ನೂ ಹಿಡಿಯುತ್ತದೆ. ಆದರೆ ರೈತನ ಮಗುವಿನ ಸಾಲಿ ಯಾವ ಪಟ್ಟಿಯಲ್ಲೂ ಇಲ್ಲ. ಯಾಕೆ ಇರಬೇಕು? ಸಂವಿಧಾನಕ್ಕೆ 2002ರಲ್ಲಿ 86ನೇ ತಿದ್ದುಪಡಿ ತಂದು, 6ರಿಂದ 14 ವರ್ಷದ ಮಗುವಿಗೆ ಶಿಕ್ಷಣ ಮೂಲಭೂತ ಹಕ್ಕು ಎಂದು ಬರೆದಾಗಿದೆ. 2009ರಲ್ಲಿ ಕಾನೂನು ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಪುಕ್ಕಟೆ ಸಿಗುವ ವಸ್ತುವಿಗೆ ವೆಚ್ಚದಲ್ಲಿ ಜಾಗ ಇಲ್ಲ, ಸರಿ. ಹಾಗಾದರೆ ಅದು ನಿಜವಾಗಿ ಪುಕ್ಕಟೆ ಸಿಗಬೇಕಲ್ಲ? ಸಿಗದಿದ್ದರೆ ಅದನ್ನು ಬೆಲೆಯಲ್ಲಿ ಹಿಡಿಯಬೇಕಲ್ಲ? ಎರಡೂ ಇಲ್ಲ. ಬೆಲೆ ಕಟ್ಟುವಾಗ ಸಾಲಿ ಸರಕಾರದ್ದು, ಖರ್ಚು ಮಾಡುವಾಗ ಸಾಲಿ ರೈತನದು. ನರಗುಂದದ ರೈತರು 1980ರ ಜುಲೈಯಲ್ಲಿ ಎದ್ದದ್ದು ಯಾವುದಕ್ಕೆ? ಮಲಪ್ರಭೆಯ ನೀರು ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ನೋಟೀಸು ಮನೆ ಮುಟ್ಟಿದ್ದಕ್ಕೆ. ಸಾಲಿಯಲ್ಲೂ ಆಗಿರುವುದು ಅದೇ. ಬಾರದ ನೀರಿಗೆ ನಾವು ಕರ ಕಟ್ಟುತ್ತಿದ್ದೇವೆ.

ಇದಕ್ಕೆ ಪರಿಹಾರ ಎಂದು ಬಲ್ಲವರು ಹೇಳುವ ಒಂದು ಮಾತಿದೆ: ಆಯ್ಕೆ. ಪಾಲಕನಿಗೆ ಆಯ್ಕೆ ಕೊಡಿರಿ, ಸರಕಾರದ ರೊಕ್ಕ ಮಗುವಿನ ಹಿಂದೆ ಹೋಗಲಿ, ಖಾಸಗಿ ಸಾಲಿಯಾದರೂ ಅಡ್ಡಿಯಿಲ್ಲ ಅಂತಾರೆ. ಕೇಳಲಿಕ್ಕೆ ಚಲೋ ಇದೆ. ಸರಕಾರದ ರೊಕ್ಕ ಖಾಸಗಿ ಸಾಲಿಗೆ ಹೋಗುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಅದು ಮೂರು ದಾರಿಯಲ್ಲಿ ಹೋಗಿದೆ. ಒಂದೊಂದನ್ನೂ ರೈತನ ಮನೆಯ ಹೊಸ್ತಿಲಲ್ಲಿ ನಿಂತು ನೋಡೋಣ.

ಮೊದಲನೆಯ ದಾರಿ ಅನುದಾನ. ನಮ್ಮ ಹಿರಿಯರ ಕಾಲದಲ್ಲಿ ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರಲ್ಲಿ ಹುಟ್ಟಿತು. ಬೆಳಗಾವಿಯಲ್ಲಿ ಏಳು ಜನ ಮಾಸ್ತರು ಸೇರಿ 1916ರಲ್ಲಿ ಕೆ.ಎಲ್.ಇ. ಕಟ್ಟಿದರು. ಗದುಗಿನ ತೋಂಟದಾರ್ಯ ಮಠ ಊರೂರಿಗೆ ಸಾಲಿ ತೆರೆಯಿತು. ಒಕ್ಕಲಿಗರು ಜೋಳದ ಚೀಲ ಕೊಟ್ಟರು, ಜಾಗ ಕೊಟ್ಟರು. ಸಂಸ್ಥೆ ಸಾಲಿ ನಡೆಸಿತು, ಮಾಸ್ತರ ಪಗಾರ ಸರಕಾರ ಕೊಟ್ಟಿತು. ಪಗಾರ ಕೊಟ್ಟ ಸರಕಾರ ಕರಾರನ್ನೂ ಹಾಕಿತ್ತು. ಹೆಚ್ಚಿನ ಫೀಜು ಕೇಳುವ ಹಾಗಿಲ್ಲ, ಮಾಸ್ತರಿಗೆ ಅರ್ಧ ಪಗಾರ ಕೊಟ್ಟು ಪೂರಾ ಸಹಿ ಹಾಕಿಸಿಕೊಳ್ಳುವ ಹಾಗಿಲ್ಲ. ನಮ್ಮ ತಾಲೂಕುಗಳಲ್ಲಿ ಹೈಸ್ಕೂಲು ಕಲಿತ ಎಷ್ಟೋ ಮಂದಿ ಇಂಥ ಸಾಲಿಯಲ್ಲೇ ಕಲಿತದ್ದು. ಆ ದಾರಿಯನ್ನು ಈಗ ಮುಚ್ಚುತ್ತ ಬಂದಿದ್ದಾರೆ. 1995ರ ನಂತರ ಆರಂಭವಾದ ಕನ್ನಡ ಸಾಲಿಗಳನ್ನೂ ಅನುದಾನಕ್ಕೆ ಸೇರಿಸಿರಿ ಎಂಬ ಬೇಡಿಕೆ ಬಹುಕಾಲದ್ದು. ಹಳೆಯ ಅನುದಾನಿತ ಸಾಲಿಗಳಲ್ಲಿ ನಿವೃತ್ತರಾದ ಮಾಸ್ತರ ಜಾಗ ವರ್ಷಗಟ್ಟಲೆ ಖಾಲಿ ಉಳಿಯುತ್ತದೆ. ಮಾಸ್ತರಿಲ್ಲದ ಅನುದಾನಿತ ಸಾಲಿ ಎಂದರೆ ನೀರಿಲ್ಲದ ಕಾಲುವೆ.

ಎರಡನೆಯ ದಾರಿ ಸೀಟು. ಶಿಕ್ಷಣ ಹಕ್ಕು ಕಾನೂನಿನ 12ನೇ ಕಲಮಿನಲ್ಲಿ, ಖಾಸಗಿ ಅನುದಾನರಹಿತ ಸಾಲಿ ತನ್ನ ಮೊದಲ ಇಯತ್ತೆಯ ಸೀಟಿನಲ್ಲಿ ಶೇಕಡಾ 25ನ್ನು ಹಿಂದುಳಿದ ಮತ್ತು ಬಡ ಮಕ್ಕಳಿಗೆ ಕೊಡಬೇಕು, ಅದರ ರೊಕ್ಕ ಸರಕಾರ ತುಂಬಬೇಕು ಎಂದಿದೆ. ಸುಪ್ರೀಂ ಕೋರ್ಟು 2012ರ ಏಪ್ರಿಲ್‌ನಲ್ಲಿ ಇದನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ ಆ ವರ್ಷದಿಂದಲೇ ಶುರುವಾಯಿತು. ಪರಿಶಿಷ್ಟ ಜಾತಿಗೆ 7.5, ಪಂಗಡಕ್ಕೆ 1.5, ಉಳಿದವರಿಗೆ 16 ಎಂದು ಹಂಚಿದರು. ಮಗುವೊಂದಕ್ಕೆ ವರ್ಷಕ್ಕೆ ಇಷ್ಟೆಂದು ಮಿತಿ ಹಾಕಿ, ಮುಂದೆ ಅದನ್ನು 16,000ಕ್ಕೆ ಏರಿಸಿದರು.

ಇದರಿಂದ ಪಟ್ಟಣದ ಎಷ್ಟೋ ಬಡ ಮಕ್ಕಳಿಗೆ ಉಪಕಾರವಾಯಿತು. ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಹಳ್ಳಿಯವನ ಗತಿ ಏನಾಯಿತು? ಸೀಟು ನೆರೆಹೊರೆಯ ಮಗುವಿಗೆ ಮಾತ್ರ. ನೆರೆಹೊರೆ ಎಂದರೆ ಪಟ್ಟಣದಲ್ಲಿ ವಾರ್ಡು, ಹಳ್ಳಿಯಲ್ಲಿ ಕಂದಾಯ ಗ್ರಾಮದ ಗಡಿ. ಖಾಸಗಿ ಸಾಲಿ ಇರುವುದು ಗದಗ-ಬೆಟಗೇರಿಯಲ್ಲಿ, ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿ, ಮುಂಡರಗಿ ಪೇಟೆಯಲ್ಲಿ. ಕಪ್ಪತಗುಡ್ಡದ ಅಂಚಿನ ಹಳ್ಳಿಯ ಮಗುವಿಗೆ ತನ್ನ ಗ್ರಾಮದ ಗಡಿಯೊಳಗೆ ಖಾಸಗಿ ಸಾಲಿಯೇ ಇಲ್ಲ. ಹಕ್ಕು ಇದೆ, ಸೀಟು ಇಲ್ಲ. ಸೀಟು ಸಿಕ್ಕವನಿಗೂ ವ್ಯಾನಿನ ರೊಕ್ಕ ಸರಕಾರ ಕೊಡಲಿಲ್ಲ. ಎಂಟನೇ ಇಯತ್ತೆ ಮುಗಿದ ಕೂಡಲೇ ಕಾನೂನಿನ ಆಸರೆಯೂ ಮುಗಿಯಿತು. ಎಂಟು ವರ್ಷ ಇಂಗ್ಲೀಷಿನಲ್ಲಿ ಓದಿದ ಮಗು ಒಂಬತ್ತಕ್ಕೆ ಎಲ್ಲಿಗೆ ಹೋಗಬೇಕು? ಪಾಲಕ ಪೂರಾ ಫೀಜು ಕಟ್ಟಬೇಕು. ಮೊದಲು ಹಗ್ಗ ಕೊಟ್ಟು, ಬಾವಿಯ ನಡುವೆ ಕೈಬಿಟ್ಟ ಹಾಗಾಯಿತು.

ಆಮೇಲೆ ಇದ್ದ ದಾರಿಯನ್ನೂ ಕಿರಿದು ಮಾಡಿದರು. 2019ರ ಜನವರಿಯಲ್ಲಿ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಸಾಲಿ ಇದ್ದರೆ ಖಾಸಗಿ ಸಾಲಿ ಸೀಟು ಕೊಡಬೇಕಿಲ್ಲ ಎಂದರು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಹೈಕೋರ್ಟು ಅದನ್ನು ಒಪ್ಪಿತು. ರಾಜ್ಯದಲ್ಲಿ ಲಕ್ಷ ದಾಟಿದ್ದ ಸೀಟು ಸಾವಿರಗಳ ಲೆಕ್ಕಕ್ಕೆ ಇಳಿಯಿತು. ಮಹಾರಾಷ್ಟ್ರವೂ 2024ರಲ್ಲಿ ಇಂಥದೇ ನಿಯಮ ತಂದಿತು. ಅಲ್ಲಿಯ ಬಾಂಬೆ ಹೈಕೋರ್ಟು ಅದೇ ವರ್ಷ ಜುಲೈಯಲ್ಲಿ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟು ನಡುವೆ ಬರಲು ಒಪ್ಪಲಿಲ್ಲ. ಒಂದೇ ಕಾನೂನು, ಗಡಿಯ ಈಚೆಗೆ ಒಂದು ಅರ್ಥ, ಆಚೆಗೆ ಇನ್ನೊಂದು ಅರ್ಥ.

ಸರಕಾರಿ ಸಾಲಿ ಇರುವಾಗ ಖಾಸಗಿಯವರಿಗೆ ಯಾಕೆ ರೊಕ್ಕ ಕೊಡಬೇಕು ಎಂಬ ಮಾತು ತಪ್ಪಲ್ಲ. ನಾನೂ ಒಪ್ಪುತ್ತೇನೆ. ಆದರೆ ಸೀಟಿಗೆ ಕೊಡುತ್ತಿದ್ದ ಆ ರೊಕ್ಕ ಉಳಿಯಿತಲ್ಲ, ಅದು ನಮ್ಮೂರ ಸಾಲಿಗೆ ಒಬ್ಬ ಮಾಸ್ತರನಾಗಿ ಬಂತೇನು? ಇದನ್ನು ನಾವು ಕೇಳಲಿಲ್ಲ. ಸೀಟು ಹೋದಾಗಲೂ ಕೇಳಲಿಲ್ಲ, ಸೀಟು ಬಂದಾಗಲೂ ಕೇಳಲಿಲ್ಲ. ನಾವು ವ್ಯಾನಿನ ದಾರಿ ಕಾಯುತ್ತಿದ್ದೆವು.

ಮೂರನೆಯ ದಾರಿ ನೇರ ರೊಕ್ಕ. 2021ರಲ್ಲಿ ರೈತ ವಿದ್ಯಾನಿಧಿ ಎಂದು ರೈತರ ಮಕ್ಕಳಿಗೆ ಶಿಷ್ಯವೇತನ ತಂದರು. ಆಗ ಗೊತ್ತುಮಾಡಿದ್ದು ಹೈಸ್ಕೂಲಿನ ಹುಡುಗಿಯರಿಗೆ 2,000, ಪಿ.ಯು.ಸಿ. ಹುಡುಗರಿಗೆ 2,500, ಹುಡುಗಿಯರಿಗೆ 3,000, ಪದವಿಗೆ 5,000 ಮತ್ತು 5,500. ರೈತನ ಮಗು ಎಂಬ ಕಾರಣಕ್ಕೇ ಒಂದು ನಿಧಿ ಬಂತು, ಸಂತೋಷ. ಆದರೆ 2,000 ರೂಪಾಯಿ ವ್ಯಾನಿನ ಎರಡು ತಿಂಗಳ ಬಾಡಿಗೆ. ಪ್ರಾಥಮಿಕ ಸಾಲಿಯ ಮಗುವಿಗೆ ಅದೂ ಇಲ್ಲ.

ಆಯ್ಕೆ ಬಂದರೆ ಕಲಿಕೆ ತಾನೇ ಸುಧಾರಿಸುತ್ತದೆ ಅನ್ನುವವರೂ ಇದ್ದಾರೆ. ನಮ್ಮ ಮಗ್ಗುಲಲ್ಲೇ ಇದನ್ನು ಒರೆಗೆ ಹಚ್ಚಿ ನೋಡಿದ್ದಾರೆ. 2008ರಿಂದ ನಾಲ್ಕು ವರ್ಷ, ಆಗಿನ ಅವಿಭಜಿತ ಆಂಧ್ರದ 180 ಹಳ್ಳಿಗಳಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಸರಕಾರಿ ಸಾಲಿಯ ಮಕ್ಕಳಿಗೆ ಚೀಟಿ ಎತ್ತಿ ಖಾಸಗಿ ಸಾಲಿಯ ಖರ್ಚು ಕೊಟ್ಟರು. ಚೀಟಿ ಬಂದ ಮಕ್ಕಳು, ಬಾರದ ಮಕ್ಕಳು ಇಬ್ಬರನ್ನೂ ಪರೀಕ್ಷೆ ಮಾಡಿದರು. ನಾಲ್ಕು ವರ್ಷದ ಮೇಲೆ ತೆಲುಗು ಮತ್ತು ಗಣಿತದಲ್ಲಿ ಇಬ್ಬರೂ ಸಮ. ಹಿಂದಿಯಲ್ಲಿ ಮಾತ್ರ ಖಾಸಗಿ ಸಾಲಿಯ ಮಕ್ಕಳು ಮುಂದೆ. ಖಾಸಗಿ ಸಾಲಿಯ ತಲಾ ಖರ್ಚು ಸರಕಾರಿ ಸಾಲಿಯ ಮೂರನೇ ಒಂದು ಭಾಗ ಎಂಬುದನ್ನೂ ಮುಚ್ಚಿಡಬಾರದು. ಅದಕ್ಕೆ ದೊಡ್ಡ ಕಾರಣ ಅಲ್ಲಿಯ ಮಾಸ್ತರಿಗೆ ಕೊಡುವ ಪಗಾರ ಬಹಳ ಕಡಿಮೆ ಇರುವುದು. ನಮ್ಮ ಹೆಣ್ಣುಮಕ್ಕಳೇ ಡಿಗ್ರಿ ಕಲಿತು ಅಂಥ ಪಗಾರಕ್ಕೆ ದುಡಿಯುತ್ತಿದ್ದಾರೆ, ನಿಮಗೆ ಗೊತ್ತು. ದೂರದ ಚಿಲಿ ದೇಶದಲ್ಲಿ 1981ರಿಂದ ಸರಕಾರದ ರೊಕ್ಕ ಮಗುವಿನ ಹಿಂದೆ ಹೋಯಿತು. ಉಳ್ಳವರ ಮಕ್ಕಳು ಒಂದು ಕಡೆ, ಇಲ್ಲದವರ ಮಕ್ಕಳು ಒಂದು ಕಡೆ ಆದರು. ವಿದ್ಯಾರ್ಥಿಗಳೇ ಬೀದಿಗಿಳಿದರು. ಕೊನೆಗೆ 2015ರಲ್ಲಿ, ಸರಕಾರದ ರೊಕ್ಕ ತಿನ್ನುವ ಸಾಲಿ ಲಾಭ ಮಾಡಬಾರದು, ಮಕ್ಕಳನ್ನು ಆರಿಸಿ ತೆಗೆದುಕೊಳ್ಳಬಾರದು ಎಂದು ಕಾನೂನು ತರಬೇಕಾಯಿತು.

ಬಾಂಧವರೇ, ಆಯ್ಕೆ ಎಂಬ ಮಾತನ್ನು ನಾವು ಪೇಟೆಯಲ್ಲೂ ಕೇಳಿದ್ದೇವೆ. 2020ರಲ್ಲಿ ಮೂರು ಕಾನೂನು ತಂದು, ರೈತ ಎಲ್ಲಿ ಬೇಕಾದರೂ ಮಾರಬಹುದು, ಅವನಿಗೆ ಸ್ವಾತಂತ್ರ್ಯ ಬಂತು ಎಂದರು. ಉಳ್ಳಾಗಡ್ಡಿ ಹೇರಿಕೊಂಡು ಯಶವಂತಪುರಕ್ಕೆ ಹೋಗಿ, ಲಾರಿ ಬಾಡಿಗೆಯೂ ಹುಟ್ಟದೆ ಬರಿಗೈಲಿ ಬಂದವನಿಗೆ ಆ ಸ್ವಾತಂತ್ರ್ಯದ ರುಚಿ ಗೊತ್ತು. ಲಾರಿ ಇದ್ದವನಿಗೆ ಪೇಟೆಯ ಆಯ್ಕೆ, ವ್ಯಾನು ಇದ್ದವನಿಗೆ ಸಾಲಿಯ ಆಯ್ಕೆ. ಆ ಕಾನೂನುಗಳನ್ನು 2021ರಲ್ಲಿ ಹಿಂದಕ್ಕೆ ತೆಗೆದುಕೊಳ್ಳುವ ಹಾಗೆ ಮಾಡಿದ್ದು ರೈತರು ಕೂಡಿ ಕೂತದ್ದು. ಸಾಲಿಯ ವಿಷಯದಲ್ಲಿ ನಾವು ಕೂಡಿ ಕೂರಲಿಲ್ಲ. ಒಬ್ಬೊಬ್ಬರೇ ಎದ್ದು ಹೋದೆವು.

ಎದ್ದು ಹೋದದ್ದರಿಂದ ಏನಾಯಿತು? ಕಾನೂನಿನ ಅನುಸೂಚಿಯಲ್ಲೇ ಇದೆ: ಒಂದರಿಂದ ಐದನೇ ಇಯತ್ತೆಯ ಸಾಲಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಮಾಸ್ತರು, 61ರಿಂದ 90ರವರೆಗೆ ಮೂವರು. ಊರಲ್ಲಿ 65 ಮಕ್ಕಳಿದ್ದರು ಎನ್ನಿರಿ. ಆರು ಮನೆಯ ಆರು ಮಕ್ಕಳು ವ್ಯಾನು ಹತ್ತಿದರು. ಉಳಿದದ್ದು 59. ಒಬ್ಬ ಮಾಸ್ತರ ಹೆಚ್ಚುವರಿ ಎಂದು ಬೇರೆ ಊರಿಗೆ ಹೋದ. ಐದು ಇಯತ್ತೆಗೆ ಇಬ್ಬರು ಉಳಿದರು. ಅದರಲ್ಲಿ ಒಬ್ಬರು ಮೀಟಿಂಗು, ಬಿಸಿಯೂಟದ ಲೆಕ್ಕ, ಗಣತಿ ಎಂದು ಓಡಾಡುವವರು. ಮುಂದಿನ ವರ್ಷ ಇನ್ನೂ ಹತ್ತು ಮನೆಯವರು, "ಮಾಸ್ತರ ಇಲ್ಲರೀ" ಎಂದು ಅದೇ ವ್ಯಾನು ಹತ್ತಿಸಿದರು. ನಾನು ಹೇಳಿದ ಕಾರಣವನ್ನು ನಾನೇ ಹುಟ್ಟಿಸಿದ್ದೆ.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಸಾಲಿಯ ಮೇಲುಸ್ತುವಾರಿ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎಂದು ಕಾನೂನು ಹೇಳುತ್ತದೆ. ಮಗು ಅಲ್ಲಿ ಕಲಿಯದ ಮೇಲೆ ನಾನು ಅಲ್ಲಿ ಪಾಲಕನಲ್ಲ. ತಹಶೀಲ್ದಾರರ ಮುಂದೆ, ಬಿ.ಇ.ಓ. ಮುಂದೆ ಧೈರ್ಯವಾಗಿ ಮಾತಾಡಬಲ್ಲವರು, ಹೊಲಮನೆ ಇದ್ದವರು, ಸಾಲಿಯಿಂದ ಹೊರಬಿದ್ದೆವು. ದಿನಗೂಲಿ ಬಿಟ್ಟು ಮೀಟಿಂಗಿಗೆ ಬರಲಾರದವರ ಮಕ್ಕಳು ಉಳಿದರು. ನಮ್ಮ ಹೊಲದಲ್ಲಿ ಕಳೆ ತೆಗೆಯುವವರ ಮಕ್ಕಳು ಅವರು. ಊರ ಸಾಲಿ ಯಾರೂ ಹೇಳಿಕೇಳದ ಸಾಲಿಯಾಯಿತು. ನಾವು ಸಾಲಗಾರರಾದೆವು, ಅವರು ಸಾಲಿಯಿಲ್ಲದವರಾದರು.

ಇಂಗ್ಲೀಷ್ ಬೇಡವೇ ಎಂದು ಕೇಳುತ್ತೀರಿ. ಬೇಕು. ಪಾಲಕನ ಆಸೆಯನ್ನು ಬೈದು ಫಲವಿಲ್ಲ. ಕಲಿಸುವ ಮಾಧ್ಯಮವನ್ನು ಸರಕಾರ ಹೇರುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. 2019ರಲ್ಲಿ ನಮ್ಮ ಸರಕಾರವೇ ಒಂದು ಸಾವಿರ ಸರಕಾರಿ ಸಾಲಿಗಳಲ್ಲಿ ಇಂಗ್ಲೀಷ್ ಮಾಧ್ಯಮದ ವರ್ಗ ಆರಂಭಿಸಿತು. ಆದರೆ ಕನ್ನಡದಲ್ಲಿ ಗಟ್ಟಿಯಾಗಿ ಓದಲಿಕ್ಕೆ, ಲೆಕ್ಕ ಮಾಡಲಿಕ್ಕೆ ಬಂದ ಮಗುವಿಗೆ ಇಂಗ್ಲೀಷನ್ನು ಒಬ್ಬ ಒಳ್ಳೆಯ ಮಾಸ್ತರ ಕಲಿಸಬಲ್ಲ. ಬೇಕಾದದ್ದು ಆ ಮಾಸ್ತರ. ಬೋರ್ಡಿನ ಮೇಲಿನ ಇಂಗ್ಲೀಷ್ ಅಲ್ಲ.

ಹಾಗಾದರೆ ಏನು ಮಾಡಬೇಕು? ನಾವು ಕೇಳಬೇಕಾದದ್ದು ಐದು ಮಾತು. ಒಂದು, ಮಕ್ಕಳ ತಲೆ ಎಣಿಸಿ ಮಾಸ್ತರನ್ನು ಕಿತ್ತುಕೊಳ್ಳುವುದು ನಿಲ್ಲಲಿ, ಪ್ರತಿ ಇಯತ್ತೆಗೆ ಒಬ್ಬ ಮಾಸ್ತರ ಇರಲಿ. ಎರಡು, ಅನುದಾನಿತ ಕನ್ನಡ ಸಾಲಿಗಳ ಖಾಲಿ ಜಾಗ ತುಂಬಲಿ. ಸಾರ್ವಜನಿಕ ರೊಕ್ಕ ಖಾಸಗಿ ಸಾಲಿಗೆ ಹೋಗುವುದಾದರೆ ಆ ಹಳೆಯ ಕರಾರಿನ ಮೇಲೆಯೇ ಹೋಗಲಿ. ಮೂರು, ಹಳ್ಳಿಯ ಮಕ್ಕಳಿಗೆ ಹೈಸ್ಕೂಲಿನವರೆಗೆ ಸಾಲಿಯ ವೇಳೆಗೆ ಸರಿಯಾಗಿ ಸರಕಾರವೇ ಬಸ್ಸು ಬಿಡಲಿ. ನಾಲ್ಕು, ಖಾಸಗಿ ಸಾಲಿ ತನ್ನ ಪೂರಾ ಫೀಜನ್ನು ಬಾಗಿಲಲ್ಲಿ ಬರೆದು ಹಾಕಲಿ, ರೈತನಿಂದ ಸುಗ್ಗಿಯ ಕಂತಿನಲ್ಲಿ ತೆಗೆದುಕೊಳ್ಳಲಿ. ಐದು, ಇವು ಯಾವುದನ್ನೂ ಮಾಡಲಾರೆವು ಎಂದರೆ, ಬೆಲೆ ಆಯೋಗ ಸಾಲಿಯ ಖರ್ಚನ್ನು ಬೆಳೆಯ ವೆಚ್ಚದಲ್ಲಿ ಹಿಡಿಯಲಿ. ಸಾಲಿ ಕೊಡಿರಿ, ಇಲ್ಲವೇ ಬೆಲೆ ಕೊಡಿರಿ.

ಸರಕಾರಕ್ಕೆ ಐದು ಹೇಳಿದ ಮೇಲೆ ನಮಗೆ ನಾವು ಒಂದಾದರೂ ಹೇಳಿಕೊಳ್ಳಬೇಕು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಸಾವಕಾರನ ಬಡ್ಡಿಯಿಂದ ಒಬ್ಬೊಬ್ಬನೇ ಪಾರಾಗಲಾರ, ಊರು ಕೂಡಿದರೆ ಪಾರಾಗಬಹುದು ಎಂಬುದು ಅವರಿಗೆ ತಿಳಿದಿತ್ತು. ಆ ಊರು ನಮಗೆ ದೂರವಿಲ್ಲ, ಆ ಬುದ್ಧಿ ಮಾತ್ರ ದೂರವಾಗಿದೆ. ಒಂದು ಊರಿನ ಫೀಜು, ವ್ಯಾನಿನ ರೊಕ್ಕ ಎರಡೂ ಕೂಡಿಸಿ ನೋಡಿರಿ. ಇಪ್ಪತ್ತು ಮಕ್ಕಳಿದ್ದರೆ ನನ್ನ ಲೆಕ್ಕದಲ್ಲಿ ವರ್ಷಕ್ಕೆ ಎಂಟು ಲಕ್ಷ ರೂಪಾಯಿ ಊರು ಬಿಟ್ಟು ಹೋಗುತ್ತದೆ. ಅದರ ಒಂದು ಪಾಲು ಊರ ಸಾಲಿಗೆ ಬಂದರೂ, ಅದರ ಹಿಂದೆ ಇಪ್ಪತ್ತು ಪಾಲಕರು ಬಂದು ಸಮಿತಿಯಲ್ಲಿ ಕೂತರೂ, ಬಿ.ಇ.ಓ. ಸಾಹೇಬರು ಊರಿನ ಹೆಸರು ಮರೆಯಲಾರರು.

ನನ್ನ ಮಗ ಎಂಟನೇ ಇಯತ್ತೆಗೆ ಬಂದಿದ್ದಾನೆ. ಅವನನ್ನು ಈಗ ತಿರುಗಿಸಿ ತರುವುದು ಕಷ್ಟ. ತಂಗಿಯ ಮಗಳು ಬರುವ ಜೂನಿಗೆ ಒಂದನೇ ಇಯತ್ತೆ. ಅವಳನ್ನು ಊರ ಸಾಲಿಗೆ ಹಚ್ಚೋಣ ಎಂದು ಮನೆಯಲ್ಲಿ ಮಾತಾಗಿದೆ. ತಂಗಿ ಒಂದು ಕರಾರು ಹಾಕಿದ್ದಾಳೆ: "ಮೀಟಿಂಗಿಗೆ ನೀ ಹೋಗಬೇಕು, ಒಬ್ಬನ ಅಲ್ಲ, ಹತ್ತು ಮಂದಿನ್ನ ಕರಕೊಂಡು ಹೋಗಬೇಕು." ಆ ಹತ್ತು ಮಂದಿಯನ್ನು ಹುಡುಕಿಕೊಂಡೇ ಈ ಸಭೆಗೆ ಬಂದಿದ್ದೇನೆ. ಕೈ ಎತ್ತುವವರು ಎತ್ತಿರಿ.